ಮರದ ಮೈ ಮುಟ್ಟಿ ನೋಡುವ ಮುನಿವೆಂಕಟಮ್ಮ

ಬೆಳಗಿನ ಜಾವ ಐದೂಕಾಲು. ಕರೇಕಲ್ದೊಡ್ಡಿಯಿಂದ ಅಂಜನಾಪುರದ ಕಡೆಗೆ ಬರುವ ರಸ್ತೆಯಲ್ಲಿ ಒಂದು ನರಪಿಳ್ಳೆಯೂ ಇಲ್ಲ. ಹುಣಸೆ ಮರವೊಂದರ ಬುಡದಲ್ಲಿ ಚಪ್ಪಲಿ ಬಿಟ್ಟು ನಿಂತಿದ್ದಾರೆ ಮುನಿವೆಂಕಟಮ್ಮ. ಬಲಗೈ ಮಗುಚಿ, ಬೆರಳುಗಳ ಹಿಂಬದಿಯನ್ನು ತೊಗಟೆಗೆ ತಾಗಿಸುತ್ತಾರೆ, ಮಗುವಿಗೆ ಜ್ವರ ಇದೆಯೋ ಎಂದು ಹಣೆ ಮುಟ್ಟುವ ಹಾಗೆ. ಆಮೇಲೆ ಕಿವಿ ಹಚ್ಚುತ್ತಾರೆ. ಉಸಿರು ಬಿಗಿಹಿಡಿದು ಹತ್ತು ಎಣಿಸುತ್ತಾರೆ.

"ಇದು ತಣ್ಣಗೈತೆ," ಎಂದು ತಮಗೇ ಹೇಳಿಕೊಂಡು, ಚಪ್ಪಲಿ ಕೈಯಲ್ಲಿ ಹಿಡಿದು ಮುಂದಿನ ಮರಕ್ಕೆ ನಡೆಯುತ್ತಾರೆ.

ಸುತ್ತಲಿನ ನೆಲವೆಲ್ಲ ಕಪ್ಪು. ಕಳೆದ ವಾರ ಕಾಡಂಚಿನ ಒಣಹುಲ್ಲಿಗೆ ಬಿದ್ದ ಬೆಂಕಿ ಎರಡು ದಿನ ಉರಿದು, ನೀಲಗಿರಿ ತೋಪು ನುಂಗಿ, ರಸ್ತೆಯ ಎರಡೂ ಬದಿ ನೆಕ್ಕಿಕೊಂಡು ಹೋಗಿದೆ. ಊರಿನ ಹೆಸರಿದ್ದ ಫಲಕದಲ್ಲಿ ಬಣ್ಣ ಗುಳ್ಳೆ ಎದ್ದು ಅಕ್ಷರಗಳೇ ಇಲ್ಲ. ಬಿದ್ದ ಕೊಂಬೆಗಳು ಇದ್ದ ಜಾಗದಲ್ಲಿ ಕೊಂಬೆಯದೇ ಆಕಾರದ ಬಿಳಿ ಬೂದಿ ಮಲಗಿದೆ. ಕಾಲು ತಾಗಿದರೆ ಅದೂ ಇಲ್ಲ. ಈ ಹೊತ್ತಿಗೆ ಕೂಗಬೇಕಾದ ಹಕ್ಕಿಗಳ ಸದ್ದಿಲ್ಲ. ಇದೇ ಬೂದಿ ಗಾಳಿಯಲ್ಲಿ ಹಾರಿ ಜೆ.ಪಿ. ನಗರದ ಬಾಲ್ಕನಿಗಳಲ್ಲಿ ಒಣಹಾಕಿದ್ದ ಬಟ್ಟೆಗಳ ಮೇಲೆ ಬಿದ್ದಾಗ ಅಪಾರ್ಟ್‌ಮೆಂಟಿನ ವಾಟ್ಸಾಪ್ ಗುಂಪುಗಳಲ್ಲಿ ಎರಡು ದಿನ ಭಾರೀ ಕಾಳಜಿ ವ್ಯಕ್ತವಾಯಿತು. ಮೂರನೇ ದಿನ ಎಲ್ಲರೂ ಬಟ್ಟೆ ಒಗೆದು ಮರೆತರು.

ಬೆಂಕಿ ಆರಿತು, ಕ್ಯಾಮೆರಾಗಳು ಹೋದವು, ನೀರಿನ ಗಾಡಿಗಳು ಹೋದವು. ಮುನಿವೆಂಕಟಮ್ಮನವರ ಕೆಲಸ ಶುರುವಾಗುವುದೇ ಆಮೇಲೆ.

ಹಳೆಯ ಮರಗಳ ಗುಣವೇ ಹಾಗೆ. ಹುಲ್ಲಿನ ಬೆಂಕಿ ಒಂದು ಪೊಟರೆಯ ಮೂಲಕ ಒಳಗೆ ಹೊಕ್ಕರೆ ಸಾಕು, ಹೊರಗೆ ಹೊಗೆಯನ್ನೂ ತೋರಿಸದೆ ವಾರಗಟ್ಟಲೆ ತಿರುಳನ್ನು ತಿನ್ನುತ್ತದೆ. ಮೇಲೆ ಎಲೆ ಹಸಿರಾಗಿಯೇ ಇರುತ್ತದೆ. ಒಂದು ದಿನ, ಗಾಳಿ ಇಲ್ಲ, ಮಳೆ ಇಲ್ಲ, ಮರ ಸುಮ್ಮನೆ ರಸ್ತೆಗೆ ಒರಗುತ್ತದೆ. ಕೆಳಗೆ ಯಾರಿದ್ದಾರೆಂದು ಅದು ನೋಡುವುದಿಲ್ಲ.

ಐವತ್ತೆಂಟು ದಾಟಿದ ಮುನಿವೆಂಕಟಮ್ಮ ಬೇಸಿಗೆಯ ನಾಲ್ಕು ತಿಂಗಳು ಬೆಂಕಿ ಕಾವಲಿನ ದಿನಗೂಲಿ. ನಾಲ್ಕು ಕಿಲೋಮೀಟರ್ ರಸ್ತೆ, ಇನ್ನೂರ ಹನ್ನೆರಡು ಮರ, ಪ್ರತಿಯೊಂದಕ್ಕೂ ಬಿಳಿ ಬಣ್ಣದಲ್ಲಿ ಬರೆದ ನಂಬರು. ಆರೂವರೆಗೆ ಮೊದಲ ಗಾಡಿ ಹೊರಡುವ ಮೊದಲು ಅಷ್ಟೂ ಮರ ಮುಟ್ಟಿ ಮುಗಿಸಬೇಕು. ಸಿಗುವುದು ಒಂದೂಕಾಲು ಗಂಟೆ. ಚಪ್ಪಲಿ ಯಾಕೆ ಬಿಡುತ್ತೀರಿ ಎಂದು ಕೇಳಿದರೆ ನಗುತ್ತಾರೆ. "ಪೂಜೆಗಲ್ಲ ಸಾರ್. ಬೇರೊಳಗೆ ಕೆಂಡ ಓಡಿದ್ರೆ ಮೊದ್ಲು ಅಂಗಾಲಿಗೇ ಗೊತ್ತಾಗೋದು. ಮಂಜು ಬಿದ್ದಿರೋ ಹೊತ್ನಲ್ಲಿ ನೋಡ್ಬೇಕು. ಒಳಗೆ ಉರೀತಿರೋ ಮರದ ಮೇಲೆ ಮಂಜು ನಿಲ್ಲಲ್ಲ."

ಕಿವಿಗೆ ಏನು ಕೇಳುತ್ತದೆ?

"ಯಾರೋ ಒಳಗೆ ಕೂತ್ಕಂಡು ಮೊರದಲ್ಲಿ ಅಕ್ಕಿ ಕೇರ್ದಂಗೆ," ಎನ್ನುತ್ತಾರೆ. ಆ ಮಾತು ಹೇಳುವಾಗ ನಗುವುದಿಲ್ಲ.

ಮೊದಲು ಅವರು ಮಧ್ಯಾಹ್ನ ಮರ ಮುಟ್ಟುತ್ತಿದ್ದರು. ಮನೆಗೆಲಸ, ಹಸು, ಅಡುಗೆ ಎಲ್ಲ ಮುಗಿಸಿ ಎರಡು ಗಂಟೆಗೆ ಬರುವುದು ಸಲೀಸಾಗಿತ್ತು. ಮೂರು ವರ್ಷದ ಹಿಂದೆ, ಹೀಗೇ ಬೆಂಕಿ ಬಿದ್ದು ಆರಿದ ಮೇಲೆ, ಊರಿನ ಭೀಮಪ್ಪ ಟಿವಿಎಸ್ ನಿಲ್ಲಿಸಿ ಕೇಳಿದರು. ಬನಶಂಕರಿ ಮಾರ್ಕೆಟ್ಟಿಗೆ ದಿನಾ ಮೊಸರು ಒಯ್ಯುತ್ತಿದ್ದ ಮನುಷ್ಯ. "ಹೋಗ್ಲೇನಮ್ಮ?" ಎಂದರು. ಬಿಸಿಲಿಗೆ ಕಾದು ಎಲ್ಲ ಮರವೂ ಬೆಚ್ಚಗೇ ಇತ್ತು, ಯಾವುದರ ಬಿಸಿ ಒಳಗಿನದು, ಯಾವುದು ಹೊರಗಿನದು ಎಂದು ತಿಳಿಯುವಂತಿರಲಿಲ್ಲ. ಮುನಿವೆಂಕಟಮ್ಮನವರಿಗೆ ಅದು ಹೊಳೆಯಲಿಲ್ಲ. "ಹೋಗಣ್ಣ, ಎಲ್ಲಾ ಒಂದೇ ಥರ ಐತೆ," ಎಂದುಬಿಟ್ಟರು.

ಸಂಜೆ ಭೀಮಪ್ಪ ಖಾಲಿ ಕ್ಯಾನುಗಳೊಂದಿಗೆ ವಾಪಸು ಬರುವಾಗ ಎಂಬತ್ತೆಂಟನೇ ನಂಬರಿನ ಗೋಣಿ ಮರ ಅವರ ಮೇಲೆ ಬಿತ್ತು. ಅಷ್ಟು ದೊಡ್ಡ ಮರ ಬಿದ್ದ ಸದ್ದು ಊರಲ್ಲಿ ಒಬ್ಬರಿಗೂ ಕೇಳಲಿಲ್ಲವಂತೆ. ಅದೊಂದು ಈಗಲೂ ಊರವರನ್ನು ಕಾಡುತ್ತದೆ.

ಭೀಮಪ್ಪನ ಹನ್ನೊಂದನೇ ದಿನದ ಕಾರ್ಯ ಮುಗಿದ ಮೇಲೆ ಊರು ಸೇರಿ ಒಂದು ಕಟ್ಟುಪಾಡು ಮಾಡಿತು. ಅನುಮಾನ ಬಂದ ಮರದ ಎರಡೂ ಕಡೆ ಮುನಿವೆಂಕಟಮ್ಮ ರಸ್ತೆಗೆ ಅಡ್ಡವಾಗಿ ಸುಣ್ಣದ ಗೆರೆ ಎಳೆದರೆ ಯಾವ ಗಾಡಿಯೂ ದಾಟಬಾರದು. ನಗರದಿಂದ ಮರ ಕಡಿಯುವವರು ಬಂದು ಬೈರಿಗೆಯಿಂದ ತೂತು ಕೊರೆದು, ಒಳಗೆ ಕೆಂಡ ಇದೆಯೋ ಇಲ್ಲವೋ ಹೇಳುವ ತನಕ ಗೆರೆ ಅಳಿಸಬಾರದು. ಪೊಲೀಸರ ಬ್ಯಾರಿಕೇಡನ್ನೇ ಸಂದಿಯಲ್ಲಿ ತೂರಿಕೊಂಡು ಹೋಗುವ ನಮ್ಮ ಜನ ಆ ಗೆರೆಯನ್ನು ಮೂರು ಬೇಸಿಗೆ ದಾಟಿಲ್ಲ. ಒಂಬತ್ತು ಸಲ ಗೆರೆ ಬಿದ್ದಿದೆ. ಆರು ಸಲ ಮರದೊಳಗೆ ಕೆಂಡ ಸಿಕ್ಕಿದೆ. ಉಳಿದ ಮೂರು ಸಲ ಏನೂ ಇರಲಿಲ್ಲ, ಆ ಮೂರೂ ಈ ವರ್ಷದವೇ, ಒಂದರ ಬೆನ್ನಿಗೆ ಒಂದು.

ಊರಿನ ಸಹನೆಗೂ ಒಂದು ಮಿತಿ ಇದೆ. ಹೊಲ ಮಾರಿ ಬಾಡಿಗೆ ಮನೆ ಕಟ್ಟಿಸಿರುವ ಹಿರಿಯ ಗಂಗಾಧರಯ್ಯ ಕೆಟ್ಟವರೇನಲ್ಲ, ಆದರೆ ಊರ ಬೈಗುಳವೆಲ್ಲ ಬಂದು ಬೀಳುವುದು ಅವರ ಜಗುಲಿಗೇ. "ನೋಡಮ್ಮ, ಇನ್ನೊಂದು ಸಲ ಸುಳ್ಳಾದ್ರೆ ಈ ಗೆರೆ ವ್ಯವಹಾರ ಇಲ್ಲಿಗೆ ಮುಗೀತು. ಸುತ್ಕೊಂಡು ಹೋದ್ರೆ ಹದಿನಾಲ್ಕು ಕಿಲೋಮೀಟ್ರು. ಜನಕ್ಕೂ ಹೊಟ್ಟೆಪಾಡು ಐತಲ್ಲ," ಎಂದು ಹೇಳಿ ಇಟ್ಟಿದ್ದಾರೆ.

ಇವತ್ತು ಮುನಿವೆಂಕಟಮ್ಮ ಎಂಬತ್ತೊಂಬತ್ತನೇ ಮರದ ಮುಂದೆ ನಿಂತವರು ಮುಂದಕ್ಕೆ ಹೋಗುತ್ತಿಲ್ಲ. ಪಕ್ಕದಲ್ಲೇ ಭೀಮಪ್ಪನ ಮೇಲೆ ಬಿದ್ದ ಗೋಣಿ ಮರದ ಮೋಟು. ಆ ಮೋಟು ಇವತ್ತಿಗೂ ಬೆಚ್ಚಗಿದೆ ಎನ್ನುತ್ತಾರೆ ಅವರು. ಬೇರೆ ಯಾರು ಮುಟ್ಟಿದರೂ ಅದು ತಣ್ಣಗಿರುತ್ತದೆ; ಮುಟ್ಟಿ ನೋಡಿದವರೆಲ್ಲ ಹಾಗೇ ಹೇಳಿದ್ದಾರೆ. ಎಂಬತ್ತೊಂಬತ್ತು ಒಂದು ಹುಣಸೆ. ಕೈ ಮಗುಚಿ ಮುಟ್ಟುತ್ತಾರೆ, ಎಡಗೈಯಿಂದಲೂ ಮುಟ್ಟುತ್ತಾರೆ, ಕೆನ್ನೆ ಇಡುತ್ತಾರೆ. ತೊಗಟೆಯ ಮೇಲೆ ಮಂಜು ಇದೆಯೋ ಇಲ್ಲವೋ ಹೇಳುವುದು ಕಷ್ಟ, ಒಂದು ಕಡೆ ತೇವ, ಒಂದು ಕಡೆ ಒಣಗಿದ ಹಾಗೆ. ಒಳಗೆ ಅಕ್ಕಿ ಕೇರುವ ಸದ್ದು. ಬಿಟ್ಟು ಬಿಟ್ಟು ಬರುತ್ತಿದೆ.

"ಈ ಜಾಗದಾಗೆ ನಂಗೆ ಎಲ್ಲಾ ಬೆಚ್ಚಗೇ ಅನ್ಸುತ್ತೆ ಸಾರ್," ಎನ್ನುತ್ತಾರೆ ಮೆಲ್ಲಗೆ. "ಮರದ ಬಿಸಿಯೋ, ನನ್ ಕೈ ಬಿಸಿಯೋ ತಿಳೀತಿಲ್ಲ. ಆದ್ರೂ ಹೆಂಗೆ ಬಿಡ್ಲಿ?"

ಸುಣ್ಣದ ಚೀಲ ಬಿಚ್ಚಿ ಹತ್ತನೇ ಸಲ ಗೆರೆ ಎಳೆಯುತ್ತಾರೆ. ಆಮೇಲೆ ಮರ ಕಡಿಯುವವರಿಗೆ ಫೋನ್ ಮಾಡುತ್ತಾರೆ.

ಆರೂವರೆಗೆ ವ್ಯಾನು ಬಂದು ನಿಲ್ಲುತ್ತದೆ. ಬೊಮ್ಮನಹಳ್ಳಿಯ ಗಾರ್ಮೆಂಟ್ಸಿಗೆ ಹೋಗುವ ಇಪ್ಪತ್ತೆರಡು ಹೆಣ್ಣುಮಕ್ಕಳು ಒಳಗಿದ್ದಾರೆ. ಡ್ರೈವರ್ ಕೈಲಾಸ್ ಇಳಿದು, ಸುಣ್ಣ ನೋಡಿ, ತಲೆ ಮೇಲೆ ಕೈ ಇಡುತ್ತಾನೆ. "ಏನ್ ದೊಡ್ಡಮ್ಮ, ಮತ್ತೆ ರಂಗೋಲಿನಾ? ಗೇಟ್ ಹಾಕ್ಬಿಡ್ತಾರೆ ಅಲ್ಲಿ. ಇವ್ರಿಗೆಲ್ಲ ಅರ್ಧ ದಿನ ಕಟ್."

ಕಿಟಕಿಗಳಿಂದ ಗೊಣಗಾಟ ಕೇಳುತ್ತದೆ. ಮೂರನೇ ಕಿಟಕಿಯಲ್ಲಿ ಕೂತ ಹುಡುಗಿ ಮಾತ್ರ ಪಕ್ಕದ ಗೋಣಿ ಮರದ ಮೋಟನ್ನೇ ನೋಡುತ್ತಾಳೆ. ಅವಳು ಚೂಡಾಮಣಿ, ಭೀಮಪ್ಪನ ಮಗಳು. ಅಪ್ಪ ಹೋದ ಮೇಲೆ ಕಾಲೇಜು ಬಿಟ್ಟು ಹೊಲಿಗೆ ಮಿಷನ್ ಮುಂದೆ ಕೂತವಳು. ಮೂರು ವರ್ಷದಿಂದ ಮುನಿವೆಂಕಟಮ್ಮ ಅವಳ ಮುಖ ನೋಡಿ ಮಾತಾಡಿಲ್ಲ. ಅವಳೂ ಮಾತಾಡಿಸಿಲ್ಲ. ಈಗಲೂ ಅವರು ಕಿಟಕಿಗೆ ಬೆನ್ನು ಹಾಕಿ, ಮರದ ಮೇಲೆ ಕೈಯಿಟ್ಟು ನಿಂತಿದ್ದಾರೆ.

ವ್ಯಾನು ತಿರುಗಿ ಸುತ್ತಿನ ದಾರಿ ಹಿಡಿಯಿತು. ಏಳಾಯಿತು, ಒಂಬತ್ತಾಯಿತು. ಗಂಗಾಧರಯ್ಯ ಕೊಡೆ ಹಿಡಿದು ಬಂದು ಗೆರೆಯ ಈಚೆಗೆ ಕಲ್ಲಿನ ಮೇಲೆ ಕೂತರು. ಬೈಕು, ಆಟೊ, ಹಾಲಿನ ಗಾಡಿ, ಕೊಬ್ಬರಿ ಹೇರಿದ ಟೆಂಪೊ ಸಾಲುಗಟ್ಟಿದವು. ಬಿಸಿಲೇರಿದರೂ ಒಬ್ಬರೂ ಆ ಮರದ ನೆರಳಿಗೆ ಹೋಗಲಿಲ್ಲ. ಬೈಯುವವರೂ ದೂರದಲ್ಲಿ ನಿಂತೇ ಬೈದರು.

ಹನ್ನೊಂದೂವರೆಗೆ ಮರ ಕಡಿಯುವ ಶಿವಕಿರಣ್ ತನ್ನ ಇಬ್ಬರು ಜೊತೆಗಾರರನ್ನು ಕರೆದುಕೊಂಡು ಬಂದ. ಬೈರಿಗೆ ತಿರುಗಿಸುತ್ತಿದ್ದರೆ ಇಡೀ ರಸ್ತೆಗೆ ಅದೊಂದೇ ಸದ್ದು. ಕೆಂಡ ಇದ್ದರೆ ಮರದ ಹೊಟ್ಟು ಕಪ್ಪಾಗಿ, ಹೊಗೆ ಸುತ್ತಿಕೊಂಡು ಬರುತ್ತದೆ. ಇಲ್ಲಿ ಬಂದದ್ದು ಹಸಿ ಹೊಟ್ಟು, ಕೆನೆ ಬಣ್ಣದ್ದು. ಇನ್ನೂ ಎರಡು ಕಡೆ ಕೊರೆದ. ಅಲ್ಲೂ ಅದೇ. "ಮರ ಕಲ್ಲಿನಂಗಿದೆ ದೊಡ್ಡಮ್ಮ. ಇನ್ನೂ ನೂರು ವರ್ಷ ಬೀಳಲ್ಲ," ಎಂದ ಶಿವಕಿರಣ್. ಪಾಪ, ಅವನಿಗೂ ಬೇಜಾರಾಗಿತ್ತು.

ಮುನಿವೆಂಕಟಮ್ಮ ತೂತಿನೊಳಗೆ ಕಿರುಬೆರಳು ಹಾಕಿದರು. ತುಂಬ ಹೊತ್ತು ತೆಗೆಯಲೇ ಇಲ್ಲ.

ಗಂಗಾಧರಯ್ಯ ಎದ್ದು ಬಂದು ಮೆಟ್ಟಿನಿಂದಲೇ ಸುಣ್ಣ ಅಳಿಸಿದರು. ಸಿಟ್ಟಿನಿಂದಲ್ಲ. "ಸಾಕು ಬುಡಮ್ಮ. ನೀನೂ ಎಷ್ಟು ದಿನ ಅಂತ ಹೊರ್ತೀಯ," ಎಂದು ಸುಣ್ಣದ ಚೀಲವನ್ನು ತಾವೇ ಎತ್ತಿಕೊಂಡು ಹೋದರು. ಊರು ಕೊಟ್ಟಿದ್ದ ಮಾತನ್ನು ಊರೇ ವಾಪಸು ತೆಗೆದುಕೊಂಡಿತು. ಗಾಡಿಗಳು ಒಂದೊಂದಾಗಿ ಹೋದವು. ನ್ಯಾಯವಾಗಿ ನೋಡಿದರೆ ಗಂಗಾಧರಯ್ಯನವರದು ತಪ್ಪಲ್ಲ, ಆದರೂ ಆ ಹೆಂಗಸು ಖಾಲಿ ಕೈಯಲ್ಲಿ ನಿಂತಿದ್ದನ್ನು ನೋಡಲಾಗಲಿಲ್ಲ.

ಮರುದಿನ ಅವರು ಬರಲಾರರು ಎಂದುಕೊಂಡರೆ, ಐದೂಕಾಲಕ್ಕೆ ಅದೇ ಜಾಗದಲ್ಲಿ ಚಪ್ಪಲಿ ಬಿಡುತ್ತಿದ್ದಾರೆ. ದಿನಗೂಲಿ ಹೇಗೂ ನಡೆಯುತ್ತದೆ, ಗೆರೆ ಎಳೆಯುವ ಹಕ್ಕಷ್ಟೇ ಹೋಗಿರುವುದು. ಒಂದು, ಎರಡು, ಮೂರು ಎಂದು ಮುಟ್ಟುತ್ತ ನೂರ ನಲವತ್ತನೇ ಮರಕ್ಕೆ ಬರುತ್ತಾರೆ. ಅದೊಂದು ಮುದಿ ಆಲ, ಬುಡದಲ್ಲಿ ಆಳದ ಪೊಟರೆ. ಮುಟ್ಟಿದ ಕೈಯನ್ನು ಹಿಂದಕ್ಕೆಳೆದು ಮತ್ತೆ ಮುಟ್ಟುತ್ತಾರೆ. ಸುಣ್ಣ ಇಲ್ಲ, ಅಧಿಕಾರ ಇಲ್ಲ. ಶಿವಕಿರಣನಿಗೆ ಫೋನ್ ಮಾಡುತ್ತಾರೆ, ಅವನು ಬರುವುದು ಮಧ್ಯಾಹ್ನವೇ. ಏನು ಮಾಡುವುದೆಂದು ತಿಳಿಯದೆ ಆಲದ ಬುಡದಲ್ಲೇ ನಿಲ್ಲುತ್ತಾರೆ.

ಮಂಜಿನಲ್ಲಿ ವ್ಯಾನಿನ ದೀಪ ಕಾಣುತ್ತದೆ. ತಡೆಯಲು ಅವರು ಕೈ ಎತ್ತುವುದಿಲ್ಲ. ವ್ಯಾನು ತಾನಾಗಿಯೇ ನಿಧಾನವಾಗಿ, ಇಪ್ಪತ್ತು ಮಾರು ದೂರದಲ್ಲಿ ನಿಲ್ಲುತ್ತದೆ. ಬಾಗಿಲು ತೆಗೆದು ಮೊದಲು ಇಳಿಯುವವಳು ಚೂಡಾಮಣಿ.

"ಈ ಮರನಾ, ದೊಡ್ಡಮ್ಮ?" ಎನ್ನುತ್ತಾಳೆ.

ಮೂರು ವರ್ಷದ ಮೇಲೆ ಮುನಿವೆಂಕಟಮ್ಮ ಅವಳ ಮುಖ ನೋಡುತ್ತಾರೆ. "ಗೊತ್ತಿಲ್ಲ ಮಗ. ನಿನ್ನೆನೂ ತಪ್ಪೋಯ್ತು. ನನ್ ಕೈನ ನಾನೇ ನಂಬೋಕಾಗ್ತಿಲ್ಲ."

"ತಪ್ಪಾದ್ರೆ ಏನಾಯ್ತದೆ, ಸೀರೆಗೆ ಮಸಿ ಹತ್ತುತ್ತೆ ಅಷ್ಟೇ," ಎಂದು ಚೂಡಾಮಣಿ ವ್ಯಾನಿನ ಕಡೆ ತಿರುಗುತ್ತಾಳೆ. "ಇಳೀರ್ರೇ. ಹೊಲದಾಗೆ ಸುತ್ಕಂಡು ಹೋಗಾಣ. ಎರಡು ನಿಮಿಷ ಆಗಲ್ಲ."

ಒಬ್ಬೊಬ್ಬರಾಗಿ ಇಳಿಯುತ್ತಾರೆ. ಸುಟ್ಟ ಹೊಲದಲ್ಲಿ, ಊಟದ ಡಬ್ಬಿ ಹಿಡಿದು, ಸಾಲಾಗಿ ನಡೆಯುತ್ತಾರೆ. ಮೊಣಕಾಲಿನ ತನಕ ಬೂದಿ ಏಳುತ್ತದೆ, ಮಂಜಿನಲ್ಲಿ ತಲೆಗಳಷ್ಟೇ ಕಾಣುತ್ತವೆ. ಆಲದಿಂದ ಸಾಕಷ್ಟು ದೂರ ಹೋಗಿ ಮತ್ತೆ ರಸ್ತೆಗೆ ಹತ್ತುತ್ತಾರೆ. ಉಳಿದವನು ಕೈಲಾಸ್. "ನನ್ ಕಥೆ ಏನು ದೊಡ್ಡಮ್ಮ? ನಿಧಾನಕ್ಕೆ ಬರ್ಲಾ?" ಎಂದು ಕೇಳುತ್ತಾನೆ. "ನಿಧಾನ ಬ್ಯಾಡ ಕಣಪ್ಪ, ಬಿರ್ರನೆ ದಾಟು," ಎನ್ನುತ್ತಾರೆ ಮುನಿವೆಂಕಟಮ್ಮ. ಅವನು ಖಾಲಿ ವ್ಯಾನನ್ನು ಒಂದೇ ಉಸಿರಿಗೆ ದಾಟಿಸುತ್ತಾನೆ. ಆಲ ಅಲುಗುವುದಿಲ್ಲ. ಹಿಂದೆ ಬಂದ ಬೈಕಿನವನು ಇದನ್ನೆಲ್ಲ ನೋಡಿ, ತಲೆ ಕೆರೆದುಕೊಂಡು, ಹೆಂಡತಿಯನ್ನು ಇಳಿಸಿ ಹೊಲಕ್ಕೆ ಕಳಿಸುತ್ತಾನೆ.

ವ್ಯಾನಿನ ಹಿಂದಿನ ಕೆಂಪು ದೀಪ ಮಂಜಿನಲ್ಲಿ ಮರೆಯಾಗುವ ತನಕ ಮುನಿವೆಂಕಟಮ್ಮ ನೋಡುತ್ತಾರೆ. ಸೆರಗಿನಿಂದ ಕಣ್ಣು ಒರೆಸಿಕೊಂಡು ಚಪ್ಪಲಿ ಕೈಗೆತ್ತಿಕೊಳ್ಳುತ್ತಾರೆ. ಇನ್ನೂ ಎಪ್ಪತ್ತೆರಡು ಮರ ಬಾಕಿ. ಮುಂದೆ ಏನಾಗಲಿ ಅಂತ ನಿಮಗೆ ಆಸೆ ಎಂದು ಕೇಳಿದರೆ ಅಂಗಾಲಿಗೆ ಹತ್ತಿದ ಬೂದಿ ಕೊಡವುತ್ತಾರೆ.

"ಮಳೆ ಬೀಳೋಗಂಟ ನಾನು ಹೇಳಿದ್ದೆಲ್ಲ ಸುಳ್ಳೇ ಆಗ್ಲಿ ಸಾರ್," ಎನ್ನುತ್ತಾರೆ. "ಆದ್ರೂ ಆ ಹುಡ್ಗಿ ದಿನಾ ಹಿಂಗೇ ಇಳ್ದು ನಡ್ಕಂಡು ಹೋಗ್ಲಿ."