ಸೋಮವಾರ ಸುಮ್ಮನಿದ್ದ ಖಾತೆ

ಶೈಲಜಾಗೆ ಜನರ ಹೆಸರು ನೆನಪಿರುತ್ತಿರಲಿಲ್ಲ. ಯಾರು ಯಾವ ಹೊತ್ತಿಗೆ ಏನು ಮಾಡುತ್ತಾರೆ ಎಂಬುದನ್ನು ಮಾತ್ರ ಆಕೆ ಮರೆಯುತ್ತಿರಲಿಲ್ಲ. ಉದಗೀರಿನಲ್ಲಿ ನನ್ನ ಎದುರು ಮನೆ ಆಕೆಯದು. ನಿವೃತ್ತನಾದರೂ ಶಾಲೆಯ ಶಿಸ್ತು ಬಿಡದ ನಾನು ನಸುಕಿನಲ್ಲಿ ನಡಿಗೆಗೆ ಹೊರಟರೆ, "ಸರ್, ನಿಮ್ಮನ್ನ ಹಿಡ್ಯೋದು ಭಾಳ ಹಗುರ. ಕಳ್ಳತನಾ ಒಂದು ಮಾಡಬ್ಯಾಡ್ರಿ" ಎಂದು ನಗುತ್ತಿದ್ದಳು.

ಕಾಲೇಜಿನಲ್ಲಿ ಗಣಿತ ಕಲಿಸುತ್ತ, ಕ್ರಿಪ್ಟೋ ನಾಣ್ಯಗಳು ಯಾವ ಖಾತೆಯಿಂದ ಎಲ್ಲಿಗೆ ಹರಿಯುತ್ತವೆ ಎಂಬ ಜಾಲವನ್ನು ಅಭ್ಯಾಸ ಮಾಡುತ್ತಿದ್ದಳು. ಪರದೆಯ ಮೇಲೆ ಖಾತೆಗೊಂದು ಚುಕ್ಕೆ, ವರ್ಗಾವಣೆಗೊಂದು ಗೆರೆ. "ಇಲ್ಲಿ ಯಾರಿಗೂ ಹೆಸರಿಲ್ರೀ ಸರ್. ಆದ್ರ ಚಟಾ ಇರ್ತಾವ."

ನಮ್ಮ ಬಳಗದ ಅನೇಕ ಮನೆಗಳು ಹೊಸ ನಾಣ್ಯವೊಂದಕ್ಕೆ ಹಣ ಹಾಕಿ ಮುಳುಗಿದಾಗ ಪೊಲೀಸರು ಆಕೆಯ ನೆರವು ಕೇಳಿದರು. ಗೆರೆಗಳೆಲ್ಲ ಒಂದೇ ಚುಕ್ಕೆಗೆ ಸೇರುತ್ತಿದ್ದವು. ಆ ಖಾತೆ ಲಿಂಗಪೂಜೆಯ ಹೊತ್ತಿಗೆ ದಿನವೂ ಸುಮ್ಮನಿರುತ್ತಿತ್ತು; ಸೋಮವಾರ ಉಪವಾಸ ಬಿಡುವವರೆಗೂ ಅಲುಗುತ್ತಿರಲಿಲ್ಲ. ಇಂಥ ಖಾತೆಗೆ ಮೊದಲ ಹಣ ಹಾಕುವವನು ಸಾಮಾನ್ಯವಾಗಿ ಅದರ ಒಡೆಯನೇ. ಇದಕ್ಕೆ ಬಂದ ಮೊದಲ ಗೆರೆ ನಿಲಂಗಾದ ಶರಣಪ್ಪನವರ ಫೋನಿನಿಂದ. ತಂದೆ ಸತ್ತ ಮೇಲೆ ಆಕೆಯನ್ನು ಓದಿಸಿದ ಕಾಕಾ ಅವರು.

"ಇನ್ನೊಮ್ಮೆ ನೋಡು," ಎಂದೆ.

"ನೋಡೀನ್ರೀ. ಸೋಮವಾರ ಅಂವಾ ನೀರ ಸೈತ ಮುಟ್ಟಂಗಿಲ್ಲ. ಕಾಕಾ ಅಂತ ಬಿಟ್ರ ಉಳಿದವರಿಗೆ ಏನ್ ಮಾರಿ ತೋರಸ್ಲಿ?"

ವರದಿ ಕೊಟ್ಟಳು. ಪೊಲೀಸರು ಶರಣಪ್ಪನವರನ್ನು ಒಯ್ದರು. ಅವರ ಎದೆ ಮೊದಲೇ ದುರ್ಬಲ; ಜಾಮೀನು ಸಿಗುವ ಮುನ್ನವೇ ತೀರಿಕೊಂಡರು. ಮಣ್ಣಿಗೆ ನಾನೂ ಹೋಗಿದ್ದೆ. ಬಿಲ್ವಪತ್ರೆ ಹಿಡಿದು ಕುಣಿಯ ಹತ್ತಿರ ಬಂದ ಶೈಲಜಾಳನ್ನು ಕಾಕಿ, ಶರಣಪ್ಪನವರ ಹೆಂಡತಿ, ತಡೆದರು: "ಅಲ್ಲೇ ನಿಂದ್ರು. ನಿನ್ನ ಕೈಲಿಂದ ಪತ್ರಿ ಬ್ಯಾಡ."

ಬಂಧನದ ಸುದ್ದಿಗೆ ಸ್ತಬ್ಧವಾಗಿದ್ದ ಖಾತೆ, ಅವರು ಮಣ್ಣಾದ ಕೆಲ ದಿನಗಳಲ್ಲಿ ಮತ್ತೆ ಅಲುಗಿತು. ಪೂಜೆಯ ಹೊತ್ತಿಗೆ ಅದೇ ಮೌನ, ಅದೇ ಸೋಮವಾರ. ಶರಣಪ್ಪನವರು ಎಲ್ಲರಿಗಿಂತ ಮೊದಲು ಮೋಸಹೋದವರು, ಅಷ್ಟೆ. ಒಬ್ಬನ ಚಟವೆಂದು ಆಕೆ ಹಿಡಿದದ್ದು ನಮ್ಮ ಮನೆಮನೆಯ ರೂಢಿ.

ಆಕೆಯನ್ನು ನಾನು ಕೊನೆಯ ಸಲ ಕಂಡದ್ದು ಬಸ್‌ಸ್ಟ್ಯಾಂಡಿನಲ್ಲಿ. ಕೆಲಸ ಬಿಟ್ಟು ಉಮರ್ಗಾಕ್ಕೆ ಹೊರಟಿದ್ದಳು.

"ಖರೇ ಕಳ್ಳ ಸಿಕ್ಕಾನ್ರೀ ಸರ್. ನಮ್ಮ ಬೀಗರಂವಾ."

"ಕಾಕಿಗೆ ಹೇಳ್ದಿಯೇನವ್ವಾ?"

"ಹೇಳ್ದೆ. 'ಅಂವಾ ಕಳ್ಳ ಅಲ್ಲ ಅಂತ ನನಗ ಗೊತ್ತಿತ್ತು. ಅಂವನ ಕೈಯಾಗ ಬೆಳದಾಕಿ ನೀ, ನಿನಗ್ಯಾಕ ಗೊತ್ತಿರಲಿಲ್ಲ?' ಅಂದಳು."

ಬಸ್ಸು ಬಂತು, ಹಿಂದಿರುಗಿ ನೋಡದೆ ಹತ್ತಿದಳು. ಎದುರು ಮನೆಗೆ ಈಗ ಬೇರೆಯವರು ಬಂದಿದ್ದಾರೆ.