ಮೊದಲು ಯೇಸಪ್ಪನಿಗೆ ಹೇಳು

ಹೊಸ ಹುಣಸೆಹಣ್ಣಿನ ವಾಸನೆಗೆ ಎಲ್ಲರ ಬಾಯಲ್ಲೂ ನೀರೂರುತ್ತದೆ. ನನಗೆ ಸಿಟ್ಟು ಬರುತ್ತದೆ. ಮೊನ್ನೆ ಶನಿವಾರ ಪಣಕಹಳ್ಳಿಯ ನೆಂಟರು ಒಂದು ಚೀಲ ಹುಣಸೆಹಣ್ಣು ತಂದು ನಮ್ಮ ಜಗುಲಿಯಲ್ಲಿ ಸುರಿದು ಹೋದರು. ಓಡು ಒಡೆಯಲು ಕೂತವಳ ಮೂಗಿಗೆ ಆ ಹುಳಿ ಘಮಲು ಬಡಿದದ್ದೇ ತಡ, ಟೀಚರಮ್ಮ ಎದುರಿಗೇ ಬಂದು ಕೂತಂತಾಯಿತು. ಸಿಟ್ಟು ಅವರ ಮೇಲಲ್ಲ. ನನ್ನ ಮೇಲೆ, ಆಮೇಲೆ ನಮ್ಮ ಸಭೆಯ ಹಿರಿಯರ ಮೇಲೆ.

ಟೀಚರಮ್ಮ ಶಾಲೆಯ ಟೀಚರಲ್ಲ. ಬಾಲವಾಡಿಯಲ್ಲಿ ಸಣ್ಣ ಮಕ್ಕಳನ್ನು ನೋಡಿಕೊಂಡು ನಿವೃತ್ತರಾದವರು. ಚರ್ಚಿನ ಹಿಂದಿನ ಮನೆಯಲ್ಲಿ ಒಬ್ಬರೇ ಇದ್ದರು. ನಮ್ಮೂರಲ್ಲಿ ಕ್ರೈಸ್ತರ ಮನೆಗಳು ಬೆರಳೆಣಿಕೆಯಷ್ಟು. ಹರೆಯದ ನಾವು ಆರೇಳು ಮಂದಿ ಶನಿವಾರ ಮಧ್ಯಾಹ್ನ ಅವರ ಜಗುಲಿಗೆ ಪ್ರಾರ್ಥನೆ ಕಲಿಯಲು ಹೋಗುತ್ತಿದ್ದೆವು. ಕೈ ಸುಮ್ಮನಿದ್ದರೆ ಅವರಿಗೆ ಆಗದು. ಹುಣಸೆ ಕಾಲ ಬಂದರೆ ನಮ್ಮನ್ನು ಸುತ್ತ ಕೂರಿಸಿಕೊಂಡು ಓಡು ಒಡೆಸುವುದು, ನಾರು ಎಳೆಸುವುದು, ಬೀಜ ತೆಗೆಸುವುದು. ಪಾಠವೂ ಅದರ ನಡುವೆಯೇ.

ಹದಿನಾರರ ನನ್ನ ಬಾಯಿ ಊರಿಗೇ ಗೊತ್ತಿತ್ತು. ಬಸ್ಸಿನಲ್ಲಿ ಸೀಟು ಹಿಡಿದವರಿಂದ ಹಿಡಿದು ರೇಷನ್ ಅಂಗಡಿಯವರವರೆಗೆ ಯಾರನ್ನೂ ಬಿಟ್ಟವಳಲ್ಲ. ಕನ್ನಡದ ಬೈಗುಳ ಮುಗಿದರೆ ತಮಿಳಿಗೆ ಹೋಗುತ್ತಿದ್ದೆ. ಅವ್ವ ನನ್ನನ್ನು ಅಲ್ಲಿಗೆ ತಳ್ಳಿದ್ದೇ ಬಾಯಿಗೆ ಬೀಗ ಹಾಕಿಸಲಿಕ್ಕೆ. ಹಾಗಾಗಿ ಮೊದಲ ದಿನವೇ ಕೇಳಿಬಿಟ್ಟೆ.

"ಬಾಯ್ ಮುಚ್ಕಂಡಿರಾಕೆ ಯಾವ ಪ್ರಾರ್ಥ್ನೆ, ಟೀಚರಮ್ಮ?"

ಅವರು ನಕ್ಕುಬಿಟ್ಟರು. "ಬಾಯ್ ಮುಚ್ಚಾಕೆ ಪ್ರಾರ್ಥ್ನೆ ಯಾಕಮ್ಮಿ, ಒಂದ್ ತುತ್ತು ಮುದ್ದೆ ಸಾಕು. ನೋಡು, ಸಿಟ್ಟು ಬಂದಾಗ ಯಾರ್ಗೆ ಏನ್ ಅನ್ಬೇಕು ಅನ್ಸುತ್ತೋ ಅದ್ನ ಮೊದ್ಲು ಯೇಸಪ್ಪಂಗೆ ಹೇಳು. ಬೈಗ್ಳ ಸಮೇತ ಹೇಳು, ಅವ್ನು ಕೇಳ್ದೇ ಇರೋ ಬೈಗ್ಳ ಯಾವುದಿದ್ದಾದು? ಆಮೇಕೆ ಏನ್ ಮಿಕ್ತದೋ ಅದ್ನ ಓಗಿ ಆ ಮನ್ಸನ ಮುಂದೆ ನಿಂತ್ಕಂಡು ಹೇಳು."

"ಏನೂ ಮಿಕ್ನಿಲ್ಲ ಅಂದ್ರೆ?" ಎಂದ ಒಬ್ಬ ಹುಡುಗ.

"ಮಿಕ್ತದೆ ಕಣ್ಲಾ. ಉಣಸೆಣ್ಣಲ್ಲಿ ಓಡು ತಗೀತೀವಿ, ಬೀಜ ತಗೀತೀವಿ. ಉಳೀನೂ ತಗದ್ಬುಟ್ರೆ ಸಾರ್ಗೆ ಏನ್ಲಾ ಆಕೀಯೆ?"

ನಂಬಿಕೆ ಬರಲಿಲ್ಲ. ಆದರೂ ಅದೇ ವಾರ ಅತ್ತಿಗೆ ನನ್ನ ಫೋನು ತೆಗೆದು ಮೆಸೇಜು ಓದುತ್ತಿದ್ದುದನ್ನು ಕಂಡು ಮೈಯೆಲ್ಲ ಉರಿದಾಗ, ಹಿತ್ತಲಿಗೆ ಓಡಿಹೋಗಿ ಯೇಸಪ್ಪನಿಗೆ ಶುರುಮಾಡಿದೆ. "ಯೇಸಪ್ಪಾ, ಆ ಮೂದೇವಿ, ಆ ಗೂಬೆ…" ಮೂರನೆಯ ಬೈಗುಳಕ್ಕೆ ನನಗೇ ನಗು ಬಂತು. ಇಷ್ಟು ದೊಡ್ಡವನ ಮುಂದೆ ಇಷ್ಟು ಸಣ್ಣ ಮಾತೇ ಎನಿಸಿತು. ಆದರೆ ಮಿಕ್ಕಿತ್ತು, ಟೀಚರಮ್ಮ ಹೇಳಿದ್ದು ಸುಳ್ಳಲ್ಲ. ಒಳಗೆ ಹೋಗಿ, "ಅತ್ಗೆ, ನನ್ ಫೋನು ಬೇಕಂದ್ರೆ ನನ್ನ ಕೇಳ್ಬುಟ್ಟು ತಗಳಿ" ಎಂದೆ. ಅವತ್ತಿನಿಂದ ಅತ್ತಿಗೆ ಕೇಳಿಯೇ ತೆಗೆದುಕೊಂಡರು. ಅವ್ವನಿಗೆ ಪರಮಾಶ್ಚರ್ಯ!

ಎಡವಟ್ಟಾದದ್ದು ಆಮೇಲೆ. ಬಸ್ಸಿನಲ್ಲಿ ಒಬ್ಬ ನನ್ನ ಗೆಳತಿಯ ಜಡೆ ಎಳೆದ. ಯಾಕೆ ಎಳೆದೆ ಎಂದು ನಾನು ಅವನನ್ನು ಕೇಳಿದೆ, ಸ್ವಲ್ಪ ಜೋರಾಗಿಯೇ ಕೇಳಿದೆ. ಭಾನುವಾರ ಆರಾಧನೆಯ ಕೊನೆಗೆ ಸಭೆಯ ಹಿರಿಯರು ಎದ್ದು ನಿಂತು, ಬಸ್ಸಿನಲ್ಲಿ ಬಾಯಿ ಮಾಡುವ ಹೆಣ್ಣುಮಕ್ಕಳು ಇನ್ನು ಮೇಲೆ ಸಭೆಯ ಮುಂದೆ ನಿಂತು ಗೀತೆ ಹೇಳಿಕೊಡುವುದು ಬೇಡ ಎಂದುಬಿಟ್ಟರು. ಹಾಗೆ ಹೇಳಿಕೊಡುತ್ತಿದ್ದವಳು ನಾನೊಬ್ಬಳೇ. ಜಡೆ ಎಳೆದವನ ಸುದ್ದಿಯೇ ಇಲ್ಲ!

ನಾನು ಚರ್ಚಿನ ಹಿಂದೆ ಹೋಗಿ, ಕಣ್ಣು ಮುಚ್ಚಿ, ಪದ್ಧತಿಯಂತೆ ಯೇಸಪ್ಪನಿಗೆ ಬಾಯಿಬಿಟ್ಟೇ ಹೇಳತೊಡಗಿದೆ. ಹಿರಿಯರ ಮೀಸೆಯಿಂದ ಹಿಡಿದು ಹೊಟ್ಟೆಯವರೆಗೆ ಒಂದನ್ನೂ ಬಿಡಲಿಲ್ಲ. ಕಣ್ಣು ಬಿಟ್ಟರೆ, ಬೈಕು ತೆಗೆಯಲು ಬಂದ ಹಿರಿಯರು ಎದುರಿಗೇ ನಿಂತಿದ್ದಾರೆ. ಇದನ್ನು ಕಲಿಸಿದ್ದು ಯಾರು ಎಂದು ಕೇಳಿದಾಗ ಟೀಚರಮ್ಮ ಎಂದುಬಿಟ್ಟೆ.

ಮುಂದಿನ ಭಾನುವಾರ ಎಲ್ಲರನ್ನೂ ಕೂರಿಸಿ ವಿಚಾರಣೆ.

"ಬೈಗ್ಳಾನೇ ಪ್ರಾರ್ಥ್ನೆ ಅಂತ ಮಕ್ಳಿಗೆ ಕಲಿಸ್ಕೊಟ್ಟಿರೋದು ನಿಜ್ವಾ?" ಎಂದು ಹಿರಿಯರು ಟೀಚರಮ್ಮನನ್ನು ಕೇಳಿದರು.

"ನಿಜ. ಆದ್ರೆ ಅದು ಅರ್ಧ. ಇನ್ನರ್ಧ ಆ ಕೂಸ್ನೇ ಕೇಳಿ."

ಎಲ್ಲರ ಕಣ್ಣೂ ನನ್ನ ಮೇಲೆ. ಟೀಚರಮ್ಮ ನನ್ನ ಬಾಯನ್ನೇ ನೋಡುತ್ತ ಕೂತಿದ್ದರು. ನಾನು ಕಣ್ಣು ಮುಚ್ಚಿ ಮನಸ್ಸಿನಲ್ಲೇ ಯೇಸಪ್ಪನಿಗೆ ಎಲ್ಲ ಹೇಳಿದೆ. ಟೀಚರಮ್ಮನಿಂದಲೇ ನನ್ನ ಬೈಗುಳ ಬಿಟ್ಟುಹೋದದ್ದು, ಅತ್ತಿಗೆಯ ಫೋನಿನ ಕತೆ, ಜಡೆ ಎಳೆದವನ ಕತೆ, ಎಲ್ಲ. ಕಣ್ಣು ಬಿಟ್ಟೆ. ಬಾಯಿ ಬಿಡಲಿಲ್ಲ. ಊರಿಗೆಲ್ಲ ಬೈದು ಬಂದಿದ್ದ ಬಾಯಿ ಅವತ್ತು ಒಂದು ಮಾತು ಆಡಲಿಲ್ಲ, ಅದರ ಮನೆ ಹಾಳಾಗ!

"ಪಾಪ, ನಾಚ್ಕಂಡದೆ. ಬುದ್ಧಿ ಬಂತು ಉಡ್ಗಿಗೆ" ಎಂದು ಯಾರೋ ನನ್ನ ತಲೆ ಸವರಿದರು. ಶನಿವಾರದ ಪಾಠ ಅಲ್ಲಿಗೇ ನಿಂತಿತು.

ಎರಡು ವಾರ ಅವರ ಮನೆಯ ಮುಂದೆ ಹೋಗದೆ ಸುತ್ತಿಬಳಸಿ ಓಡಾಡಿದೆ. ಕೊನೆಗೆ ಬಸ್ ಸ್ಟಾಪಿನಲ್ಲಿ ಅವರೇ ಸಿಕ್ಕರು. ಬೈಯುತ್ತಾರೆಂದುಕೊಂಡೆ.

"ಅವತ್ತು ಯೇಸಪ್ಪಂಗೆ ಹೇಳಿದ್ಯಾ?" ಎಂದರು.

"ಹೇಳ್ದೆ."

"ಎಲ್ಲಾನೂವಾ?"

"ಎಲ್ಲಾನೂವೆ."

"ಅವ್ನಿಗೆ ಮೊದ್ಲೇ ಗೊತ್ತಿತ್ತು ಕಣಮ್ಮಿ. ಗೊತ್ತಿಲ್ದೆ ಇದ್ದದ್ದು ಅಲ್ಲಿ ಕೂತಿದ್ದೋರ್ಗೆ."

ಅಷ್ಟೇ ಹೇಳಿ ಬಸ್ಸು ಹತ್ತಿದರು. ಆಮೇಲೆ ಅವರ ತಂಗಿಯ ಮಗ ಬಂದು ಕೊಳ್ಳೇಗಾಲದ ಕಡೆಗೆ ಕರೆದುಕೊಂಡು ಹೋದನಂತೆ. ಹೋಗಿ ನೋಡಬೇಕು, ಹೋಗಿ ಹೇಳಬೇಕು ಎಂದುಕೊಳ್ಳುತ್ತಲೇ ನನಗೆ ಊರಲ್ಲೇ ಮದುವೆಯಾಯಿತು, ಮಕ್ಕಳಾದವು… ಹೋದ ವರ್ಷ ಅವರು ತೀರಿಕೊಂಡ ಸುದ್ದಿ ವಾಟ್ಸಾಪಿನಲ್ಲಿ ಬಂತು. ನಾನೂ ಎಲ್ಲರಂತೆ ಕೈ ಮುಗಿದ ಚಿತ್ರ ಒಂದನ್ನು ಕಳಿಸಿ ಸುಮ್ಮನಾದೆ. ಥೂ, ನನ್ನ ಜನ್ಮಕ್ಕೆ…

ಮೊನ್ನೆ ಆ ಹುಣಸೆಹಣ್ಣಿನ ಮುಂದೆ ಕೂತಾಗ ಇದೆಲ್ಲ ಒಂದೊಂದಾಗಿ ನೆನಪಿಗೆ ಬಂತು, ಅರ್ಧಕ್ಕೇ ಎದ್ದುಬಿಟ್ಟೆ. ಮಾರನೆಯ ದಿನ ಚರ್ಚಿನಲ್ಲಿ ಅದೇ ಹಿರಿಯರು, ಈಗ ಕೋಲು ಹಿಡಿದಿದ್ದಾರೆ, ಎದ್ದು ನಿಂತರು. ಮಕ್ಕಳು ಫೋನಿನಲ್ಲಿ ಆಡುವ ಮಾತಿಗೆ ಕಿವಿ ಮುಚ್ಚಿಕೊಳ್ಳಬೇಕು, ಪ್ರಾರ್ಥನೆ ಎಂದರೆ ಬಾಯಿ ಮುಚ್ಚಿಕೊಂಡಿರುವುದು ಎಂದು ಕಲಿಸಬೇಕು ಎಂದರು.

ನಾನು ಮೊದಲು ಯೇಸಪ್ಪನಿಗೆ ಹೇಳಿದೆ. ಮೂರು ಬೈಗುಳ ಇದ್ದವು, ಒಂದು ತಮಿಳಿನದು. ಆಮೇಲೆ ಎದ್ದು ನಿಂತೆ.

"ಅಯ್ಯಾ, ಟೀಚರಮ್ಮ ನಮ್ಮ ಕೈಲಿ ದೇವ್ರ ಮುಂದೆ ಬೈಗ್ಳ ಹೇಳಿಸ್ತಿದ್ರು. ಅದ್ಕೇ ನಮ್ಮ ಬೈಗ್ಳ ಬುಟ್ಟೋಯ್ತು. ಅವ್ರದ್ದು ತಪ್ಪಿರ್ನಿಲ್ಲ. ತಪ್ಪು ನಿಮ್ದು, ಬಾಯ್ ಬಿಡ್ದೆ ಕೂತ್ಕಂಡಿದ್ದ ನಂದೂವೆ."

"ಈಗ್ಯಾಕಮ್ಮ ಅದೆಲ್ಲಾ?" ಎಂದರು ಹಿರಿಯರು, ಕೋಲನ್ನು ನೆಲಕ್ಕೆ ಒತ್ತಿ.

"ಆಗ ಹೇಳ್ನಿಲ್ವಲ್ಲ, ಅದ್ಕೆ. ಬರೋ ಶನ್ವಾರದಿಂದ ಮಕ್ಳು ನಮ್ ಜಗುಲೀಲಿ ಕೂರ್ತಾರೆ. ಕಳ್ಸೋರು ಕಳ್ಸಿ. ನಾನು ಒಪ್ಗೆ ಕೇಳ್ತಿಲ್ಲ, ತಿಳಿಸ್ತಾ ಇವ್ನಿ."

ಯಾರೂ ತಲೆ ಸವರಲಿಲ್ಲ. ಮನೆಗೆ ಬಂದು ಉಳಿದ ಹುಣಸೆಹಣ್ಣನ್ನು ಹಾಗೇ ಗೋಣಿಚೀಲಕ್ಕೆ ತುಂಬಿ ಕಟ್ಟಿಟ್ಟೆ, ಮಕ್ಕಳು ಬಂದರೆ ಕೈಗೆ ಕೆಲಸ ಬೇಕಲ್ಲ. ಯೇಸಪ್ಪನಿಗೆ ಅದೆಲ್ಲ ಆಗಲೇ ಗೊತ್ತಿತ್ತು. ಈಗ ಹಿರಿಯರಿಗೂ ಗೊತ್ತಾಯಿತು. ಅವತ್ತು ನನ್ನ ಬಾಯನ್ನೇ ನೋಡುತ್ತ ಕೂತಿದ್ದ ಟೀಚರಮ್ಮನ ಕಿವಿಗೆ ಮಾತ್ರ ಬೀಳಲಿಲ್ಲ…