ಗುಳಿಗೆ ವಿಚಾರಿಸುವ ಬಳೆಗಾರ್ತಿ

ಅಫಜಲಪುರದ ಬಸ್ ನಿಲ್ದಾಣದಲ್ಲಿ ಇನ್ನೂ ಪೂರ್ತಿ ಬೆಳಕು ಹರಿದಿಲ್ಲ. ಕರಜಗಿ ಕಡೆಯ ಮೊದಲ ಬಸ್ಸಿನಲ್ಲಿ ಬಸವೇಶ್ವರಿ ಬಳೆಯ ಚೀಲ ಅವುಚಿಕೊಂಡು ಕೂತಿದ್ದಾರೆ. ನಿನ್ನೆ ಚಿಕಿತ್ಸಾ ಕೇಂದ್ರದಿಂದ ಬಂದ ಫೋನು ಅವರ ನಿದ್ದೆ ಕೆಡಿಸಿದೆ. ಅವರು ನೋಡಿಕೊಳ್ಳುವ ಪ್ರಮಿಲಾಳ ರಕ್ತದಲ್ಲಿ ಎಚ್‌ಐವಿ ವೈರಾಣು ಹತೋಟಿಗೆ ಬಂದಿಲ್ಲ, ರೋಗಗಳ ಜೊತೆ ಕಾದಾಡುವ ಸಿಡಿ4 ಕಣಗಳೂ ಇಳಿದಿವೆ. ಆಕೆ ಏಳು ತಿಂಗಳ ಬಸುರಿ. ಹೀಗೇ ಮುಂದುವರಿದರೆ ಕೂಸಿಗೂ ಸೋಂಕು ತಗಲಬಹುದು.

“ಎದಿ ಡವಡವ ಅನ್ನಾಕತ್ತದ್ರಿ,” ಎನ್ನುತ್ತಾರೆ ಬಸವೇಶ್ವರಿ. “ಅಕಿ ಗುಳಿಗಿ ತಪ್ಪಸೋ ಪೈಕಿ ಅಲ್ಲ. ಅದಕ್ಕs ಅಂಜಿಕಿ.”

ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳಲ್ಲಿ ಎಚ್‌ಐವಿ ಇರುವವರು ಗುಳಿಗೆ ಬಿಡದಂತೆ ನೋಡಿಕೊಳ್ಳುವುದು ಅವರ ಕೆಲಸ. ದಿನಕ್ಕೆ ಐದಾರು ಮನೆ. ಬಂದ ಕಾರಣ ಬಾಯಿಬಿಟ್ಟು ಹೇಳುವಂತಿಲ್ಲ, ಹೇಳಿದರೆ ಓಣಿಗೆಲ್ಲ ಸುದ್ದಿ. ಅದಕ್ಕೇ ಈ ಬಳೆ ವ್ಯಾಪಾರದ ವೇಷ. ಈ ಬರಹದಲ್ಲೂ ಹೆಸರುಗಳನ್ನು ಬದಲಿಸಿದೆ. ಸುದ್ದಿಯಾದರೆ ಏನಾಗುತ್ತದೆಂದು ಅವರು ಯಾರಿಂದಲೂ ಕಲಿಯಬೇಕಿಲ್ಲ. ಮಟಕಿ ಊರಿಗೆ ಸೊಸೆಯಾಗಿ ಹೋದ ಅವರಿಗೆ ಸೋಂಕು ಬಂದದ್ದು ಗಂಡನಿಂದ. ಆತ ತೀರಿಕೊಂಡ ವಾರದಲ್ಲೇ ಮನೆಯವರು ಇವರ ತಾಟು, ತಂಬಿಗೆ, ಹಾಸಿಗೆಯನ್ನು ದನದ ಕೊಟ್ಟಿಗೆಗೆ ಸಾಗಿಸಿದರು. ಎಂಥ ಜನವೋ! ಗುಳಿಗೆಯ ದಯೆಯಿಂದ ಇವತ್ತು ಅವರ ವೈರಾಣು ಹತೋಟಿಯಲ್ಲಿದೆ.

ಪ್ರಮಿಲಾಳ ಮನೆಯಲ್ಲಿ ಅತ್ತೆ ಕಸ್ತೂರಿಬಾಯಿ ಅಂಗಳ ಸಾರಿಸುತ್ತಿದ್ದಾರೆ. ಮಗ ಸೊಸೆ ಇಬ್ಬರೂ ಸೋಂಕಿಗೆ ಔಷಧ ತೆಗೆದುಕೊಳ್ಳುತ್ತಿರುವುದು ಅವರಿಗೆ ಗೊತ್ತಿಲ್ಲ. ಪಡಸಾಲೆಯಲ್ಲಿ ಬಳೆ ಏರಿಸುತ್ತ ಬಸವೇಶ್ವರಿ ಮೆಲ್ಲಗೆ ವಿಚಾರಿಸುತ್ತಾರೆ.

“ಒಂದಿನಾನೂ ತಪ್ಪಿಸಿಲ್ಲಕ್ಕ,” ಪ್ರಮಿಲಾಳ ಕಣ್ಣು ತುಂಬುತ್ತವೆ. “ನೀವ ಹೇಳಿದ್ರಲ್ಲ, ರಕ್ತ ಹೆಚ್ಚಾಗೋ ಕೆಂಪ ಗುಳಿಗಿ ಜೋಡಿ ಇದನ್ನೂ ಸೇರಿಸಿ ನುಂಗು, ಎರಡೂ ಬಸುರಿ ಗುಳಿಗಿ ಅಂತ ಅತ್ತಿಗಿ ಹೇಳು ಅಂತ. ಲಿಂಗಪೂಜಿ ಮುಗದ ಕೂಡ್ಲೆ ಅತ್ತೀನೇ ಮುಂದ ನಿಂತು ತೀರ್ಥದ ಜೋಡಿ ನುಂಗಸ್ತಾರ. ಆಮ್ಯಾಲೆ ರೊಟ್ಟಿ.”

ಬಸವೇಶ್ವರಿ ಹಿತ್ತಲಿಗೆ ಹೋಗಿ ಕೇಂದ್ರದ ವೈದ್ಯರಿಗೆ ಫೋನು ಹಚ್ಚುತ್ತಾರೆ. ರಕ್ತಕ್ಕೆಂದು ಕೊಡುವ ಆ ಕಬ್ಬಿಣಾಂಶದ ಗುಳಿಗೆಯನ್ನು ಖಾಲಿ ಹೊಟ್ಟೆಯಲ್ಲಿ ಜೊತೆಗೇ ನುಂಗಿದರೆ ಎಚ್‌ಐವಿ ಔಷಧ ಮೈಗೆ ಸರಿಯಾಗಿ ಹತ್ತುವುದಿಲ್ಲವಂತೆ. ಗುಟ್ಟು ಕಾಯಲು ತಾವೇ ಹೇಳಿಕೊಟ್ಟ ಉಪಾಯ ಕೂಸಿಗೇ ಮುಳುವಾಗುತ್ತಿದೆ. ರಕ್ತದ ಗುಳಿಗೆಯನ್ನು ರಾತ್ರಿಗೆ ಬದಲಿಸಿ, ತಿಂಗಳ ಬಳಿಕ ಮತ್ತೆ ಪರೀಕ್ಷಿಸೋಣ ಎನ್ನುತ್ತಾರೆ ವೈದ್ಯರು.

ಆದರೆ ಗುಳಿಗೆ ಇರುವುದು ಅತ್ತೆಯ ಕೈಯಲ್ಲಿ.

“ಕೆಂಪ ಗುಳಿಗಿ ಖಾಲಿ ಹೊಟ್ಟಿಗಿ ಆಗಿಬರೂದಿಲ್ರಿ. ರಾತ್ರಿ ಊಟ ಆದ ಮ್ಯಾಲೆ ಕೊಡ್ರಿ,” ಎಂದು ಬಸವೇಶ್ವರಿ ಆದಷ್ಟು ಸಲೀಸಾಗಿ ಹೇಳುತ್ತಾರೆ.

ಕಸ್ತೂರಿಬಾಯಿ ತಲೆಯೆತ್ತಿ ನೋಡುತ್ತಾರೆ. “ಬಳಿ ಮಾರಾಕಿಗಿ ಗುಳಿಗಿ ಉಸಾಬರಿ ಯಾಕಬೇ?”

ಪ್ರಮಿಲಾಳ ಮುಖ ಬಿಳಚಿಕೊಳ್ಳುತ್ತದೆ. ಬಸವೇಶ್ವರಿ ಬಳೆ ಎತ್ತಿಡುತ್ತಲೇ ಹೇಳುತ್ತಾರೆ: “ನಾನೂ ಹಡದಾಕಿನೇ ಇದ್ದೇನ್ರಿ. ಆ ಗುಳಿಗಿ ನುಂಗಿ ಕರುಳ ಕಿತ್ತು ಬರೋಹಂಗ ವಾಂತಿ ಮಾಡೇನಿ.”

ಅತ್ತೆ ಮತ್ತೆ ಅಂಗಳ ಸಾರಿಸಲು ಬಗ್ಗಿ, “ಹಂಗಾರ ರಾತ್ರಿನೇ ಕೊಡ್ತೇನಿ ತಗೊ,” ಎನ್ನುತ್ತಾರೆ.

ಹೊರಬಿದ್ದು ಬಸವೇಶ್ವರಿ ಊರ ಕಟ್ಟೆಯ ಮೇಲೆ ಕೂರುತ್ತಾರೆ. “ತಪ್ಪು ನಂದs ರೀ. ಮಂದಿಗಿ ಅಂಜಿ ಅಂಜಿ ಗುಳಿಗಿ ಮುಚ್ಚಿಡೂದು ಕಲಿಸ್ದೆ, ಹೆಂಗ ನುಂಗಬೇಕು ಅನ್ನೂದು ಕೇಳಲಿಲ್ಲ. ಇನ್ನ ಪರೀಕ್ಷಾದ ತನಕ ಫೋನ್ ಹೊಡಕೊಂಡ್ರ ಸಾಕು, ಜೀವ ಹಾರ್ತದ.”

ಇಷ್ಟು ವರ್ಷ ದುಡಿದಿದ್ದಕ್ಕೆ ಏನು ಆಸೆ ಎಂದು ಕೇಳಿದರೆ ಅವರು ಬಳೆಯ ಚೀಲದ ಬಾಯಿ ಕಟ್ಟುತ್ತಾರೆ.

“ಆ ಕೂಸಿಗಿ ಗುಳಿಗಿ ಸಲುವಾಗಿ ನನ್ನ ಹತ್ರ ಬರೋ ಪ್ರಸಂಗ ಬರಬಾರದ್ರಿ,” ಎನ್ನುತ್ತಾರೆ. “ನನ್ನ ಗುರ್ತs ಇಲ್ದಂಗ ಬೆಳೀಲಿ.”